ಅವ್ವನ ಫೋಟೋ ತೊಳೆದ ಕಾಕಾ

ಕಳೆದ ಶ್ರಾವಣ ಸೋಮವಾರ ಗೋಡೆಯಿಂದ ಅವ್ವನ ಫೋಟೋ ಇಳಿಸಿ, ಫ್ರೇಮಿನ ಹಿಂದಿನ ರಟ್ಟು ಬಿಚ್ಚಿದೆ. ಗಪ್ಪನೆ ವಾಸನೆ ಬಡಿಯಿತು. ಹಸಿ ವಿಭೂತಿ, ಕೊಳೆತ ರಟ್ಟು, ಹುಳಿ ಹಿಡಿದ ಅದೇನೋ ಒಂದು... ಕಾಗದ ಗಾಜಿಗೆ ಅಂಟಿಕೊಂಡಿತ್ತು. ಮೆಲ್ಲಗೆ ಎಳೆದರೂ ಅವ್ವನ ಗಲ್ಲ ಸಿಪ್ಪೆಯ ಹಾಗೆ ಸುಲಿದು ಬಂತು. ಹಣೆಯ ಕೆಂಪು ಮೂಗಿನ ಮೇಲೆ ಹರಿದಿತ್ತು, ಸೀರೆಯ ಹಸಿರು ಕುತ್ತಿಗೆಗೆ ಏರಿತ್ತು. ಮಾಡಿಸಿ ಮೂರು ವರ್ಷ ತುಂಬಿರಲಿಲ್ಲ. ನನಗೆ ಅಳು ಬರಲಿಲ್ಲ, ಹೇಸಿಗೆ ಬಂತು. ಆ ಫೋಟೋದ ಮೇಲೆ, ಅದನ್ನು ಮಾಡಿಸಿದ ನನ್ನ ಮೇಲೆ.

ಆ ಹುಳಿ ವಾಸನೆಯೇ ಫೋಟೋ ಕಾಕಾರನ್ನು ನೆನಪಿಗೆ ತಂದಿತು. ಜಹೀರಾಬಾದಿನ ಬಸ್ ಸ್ಟ್ಯಾಂಡಿನ ಹಿಂದೆ, ಮಾಳಿಗೆಯ ಮೇಲೆ ಅವರ ಸ್ಟುಡಿಯೋ ಇತ್ತು. ಮೆಟ್ಟಿಲು ಹತ್ತುವಾಗಲೇ ಮೂಗು ಮುಚ್ಚಿಕೊಳ್ಳಬೇಕು, ಹಾಗೆ ನಾರುತ್ತಿತ್ತು. ನನಗಾಗ ಹನ್ನೆರಡು ವರ್ಷ. ನಾವು ಮನೂರಿನ ಕಡೆಯ ಹಳ್ಳಿಯವರು. ಹೆಸರು ಬೇಳೆಯ ಚೀಲದ ಜೊತೆ ನನ್ನನ್ನೂ ಕರೆದುಕೊಂಡು ಅವ್ವ ಪೇಟೆಗೆ ಬಂದಿದ್ದಳು. ಬೇಳೆ ಮಾರಿದ ಮೇಲೆ ಸೀದಾ ಆ ಮೆಟ್ಟಿಲು ಹತ್ತಿದಳು.

ಯಾಕೆ ಅಂತ ಕೇಳಿದ್ದಕ್ಕೆ ಅವ್ವ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ನಿಮ್ಮಪ್ಪನ ಮಾರಿ ನನ್ನ ಕಣ್ಣಾಗದ. ನಿನಗ ಎಲ್ಲಿಂದ ತಂದು ತೋರಸ್ಲಿ? ನಂದರ ಒಂದು ಇರ್ಲಿ." ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ಹೋಗಿದ್ದ. ಅವನ ಒಂದೂ ಫೋಟೋ ಇರಲಿಲ್ಲ. ಆ ದಿನ ಅವ್ವ ಕ್ಯಾಮೆರಾದ ಮುಂದೆ ಕೂತದ್ದೇ ಮೊದಲು, ಅದೇ ಕೊನೆ. ಮುಂದೆ ನನ್ನ ಮದುವೆಯಲ್ಲೂ ಕ್ಯಾಮೆರಾ ಕಂಡರೆ ಕಂಬದ ಹಿಂದೆ ಸರಿಯುತ್ತಿದ್ದಳು.

ಕಾಕಾ ಅವ್ವನನ್ನು ಸ್ಟೂಲಿನ ಮೇಲೆ ಕೂಡಿಸಿ, ಸೆರಗು ಸರಿ ಮಾಡಿಕೊಳ್ಳಲು ಹೇಳಿ, ಟಕ್ ಅಂತ ಫೋಟೋ ತೆಗೆದರು. ಅಷ್ಟೇ. ಎಂಟು ದಿನ ಬಿಟ್ಟು ಒಯ್ಯಲು ಹೋದರೆ ಫೋಟೋ ಇನ್ನೂ ನೀರಿನ ಟಬ್ಬಿನಲ್ಲಿತ್ತು. ಕೆಳಗಿನ ಬೋರಿಂಗಿನಿಂದ ಕೊಡ ಕೊಡ ನೀರು ಹೊತ್ತು ತಂದು ಸುರಿದು, ಚೆಲ್ಲಿ, ಮತ್ತೆ ಸುರಿಯುತ್ತಿದ್ದರು. ಕಾಗದದ ಮೂಲೆಯಿಂದ ನಾಲ್ಕು ಹನಿಯನ್ನು ಒಂದು ಗಾಜಿನ ಲೋಟಕ್ಕೆ ಬೀಳಿಸುತ್ತಿದ್ದರು. ಅದರಲ್ಲಿ ಬಾವಿಗೆ ಹಾಕುವ ನೇರಳೆ ಔಷಧ ಕಲಸಿದ ನೀರು. ಹನಿ ಬಿದ್ದೊಡನೆ ನೇರಳೆ ಸತ್ತು ಹಳದಿಯಾಯಿತು. "ಇನ್ನೂ ಹೋಗಿಲ್ಲ" ಎಂದು ಮತ್ತೆ ಕೊಡ ಎತ್ತಿಕೊಂಡರು.

ನಮ್ಮೂರಿನ ಕಡೆ ಹೋಗುವ ನಾರಾಯಣಖೇಡದ ಬಸ್ಸು ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಅವ್ವನಿಗೆ ಸಿಟ್ಟು ನೆತ್ತಿಗೇರಿತು. "ಹಸೀದೇ ಕೊಡ್ರಿ, ಮನ್ಯಾಗ ಒಣಗಸ್ತೀನಿ. ಬಸ್ ಹೋತು!"

"ಬಸ್ ಮತ್ತೊಂದು ಬರ್ತದ್ರಿ ಅಕ್ಕ. ಕಾಗದದಾಗ ಈ ಹುಳಿ ನಾತದ ಔಷಧ ಉಳೀತಂದ್ರ ನಿಮ್ ಮಾರಿ ಹತ್ತು ವರ್ಷದಾಗ ಹಳದಿ ಆಗಿ ಅಳಿಸಿ ಹೋಗ್ತದ. ಇದರಾಗಿನ ಕಪ್ಪು ಅಂದ್ರ ಬೆಳ್ಳಿರಿ. ಬೆಳ್ಳಿ ಪಾತ್ರಿ ತೊಳದಂಗ ತೊಳೀಬೇಕು."

ಬಸ್ಸು ಹೋಯಿತು. ಅವ್ವ ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತಳು. ಕಾಕಾ ಮಿರ್ಚಿ ಭಜಿ ತರಿಸಿ, ಒಂದನ್ನು ನನ್ನ ಕೈಗಿಡಲು ಬಂದರು. ಅವರ ಉಗುರುಗಳು ಕಂದು ಬಣ್ಣಕ್ಕೆ ತಿರುಗಿದ್ದವು, ಬೆರಳ ಸಂದಿಯಲ್ಲಿ ಚರ್ಮ ಸುಲಿದಿತ್ತು, ಕೈಯಿಂದ ಅದೇ ಹುಳಿ ನಾತ. ನಾನು ಥೂ ಎಂದು ಅವ್ವನ ಹಿಂದೆ ಅಡಗಿಕೊಂಡೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹೇಸ್ಕೊಬ್ಯಾಡವ್ವ, ಈ ನಾತ ನನ್ನ ಕೈಯಾಗ ಇರ್ಲಿ, ನಿಮ್ಮವ್ವನ ಫೋಟೋದಾಗ ಬ್ಯಾಡ" ಎಂದು ನಕ್ಕು, ಆ ಭಜಿಯನ್ನು ತಾವೇ ತಿಂದರು.

ಎಷ್ಟನೆಯ ಸಲವೋ ಏನೋ, ಕೊನೆಗೂ ಲೋಟದ ನೀರು ನೇರಳೆಯಾಗಿಯೇ ಉಳಿಯಿತು. ಫೋಟೋ ಒಣಗಿಸಿ ಫ್ರೇಮಿಗೆ ಕೂಡಿಸುವಾಗ ನಾಲ್ಕೂ ಅಂಚಿಗೆ ರಟ್ಟಿನ ಪಟ್ಟಿ ಇಟ್ಟು, ಗಾಜು ಕಾಗದಕ್ಕೆ ತಾಗದಂತೆ ಮಾಡಿದರು. "ನೀವು ಸೋಮಾರ ಬಂತಂದ್ರ ತೊಯ್ದ ಬೆರಳಲೆ ಗಾಜಿಗೆ ಈಬತ್ತಿ ಎಳೀತೀರಿ. ನೀರು ಒಳಗ ಇಳೀತದ. ನನಗ ಗೊತ್ತಿಲ್ಲೇನು?" ಎಂದರು. ಅವ್ವನಿಗೆ ಆಗ ನಗು ಬಂತು. ತಾನು ಸತ್ತ ಮೇಲಿನ ಸೋಮವಾರಗಳ ಲೆಕ್ಕವನ್ನು ಈ ಮನುಷ್ಯ ಈಗಲೇ ಹಾಕಿದ್ದಾನಲ್ಲ ಅಂತಿರಬೇಕು...

ಆ ಫೋಟೋ ಮೂವತ್ತು ವರ್ಷಕ್ಕೂ ಹೆಚ್ಚು ಬಾಳಿತು. ನನ್ನ ಮದುವೆಯ ಬಣ್ಣದ ಆಲ್ಬಮ್ ಅಷ್ಟರಲ್ಲಿ ಕೆಂಪೇರಿ, ನಾವಿಬ್ಬರೂ ಸುಟ್ಟ ಇಟ್ಟಿಗೆಯ ಹಾಗೆ ಕಾಣುತ್ತಿದ್ದೆವು. ಅವ್ವ ಮಾತ್ರ ಅಂಚು ತುಸು ಮಾಸಿದ್ದು ಬಿಟ್ಟರೆ ಹಾಗೇ ಇದ್ದಳು. ಒಣಗಿದ ತುಟಿ, ಹಣೆಯ ಮೇಲೆ ವಿಭೂತಿಯ ಮೂರು ಗೆರೆ, ಬಸ್ಸು ತಪ್ಪುವ ಎಂಟು ದಿನ ಮೊದಲೇ ಬಂದ ಸಿಟ್ಟಿನ ಕಣ್ಣು. ಅವಳು ಹೋದ ಮೇಲೆ ಅದಕ್ಕೇ ಹಾರ ಹಾಕಿದೆವು.

ಆಮೇಲೆ ನನಗೆ ದುರ್ಬುದ್ಧಿ ಬಂತು. ಜಹೀರಾಬಾದಿನಲ್ಲಿ ಮನೆ ಕಟ್ಟಿಸಿದೆವು, ತಾಂಡೂರಿನ ಕಲ್ಲು ಹಾಸಿದೆವು, ಗೋಡೆಗೆ ಗುಲಾಬಿ ಬಣ್ಣ ಬಳಿಸಿದೆವು. ಆ ಗೋಡೆಯ ಮೇಲೆ ಅವ್ವ ಬಡವಿಯಂತೆ ಕಂಡಳು. ನಾನು ಆಗ ತಾಂಡೂರಿನ ಶಾಲೆಯಲ್ಲಿ ಟೀಚರ್. ಅಲ್ಲಿನ ಕಂಪ್ಯೂಟರ್ ಫೋಟೋ ಅಂಗಡಿಗೆ ಒಯ್ದು ಕೊಟ್ಟೆ. ಅಂಗಡಿಯವನು ಅವ್ವನನ್ನು ಬೆಳ್ಳಗೆ ಮಾಡಿದ, ಹಸಿರು ರೇಷ್ಮೆ ಸೀರೆ ಉಡಿಸಿದ, ಬಂಗಾರದ ಸರ ಹಾಕಿದ. "ಕುಂಕುಮ ಇಡ್ಲೇನ್ರಿ ಮೇಡಂ?" ಎಂದ. ಇಡಪ್ಪ ಎಂದೆ. ಪಳಪಳ ಹೊಳೆಯುವ ಕಾಗದ ಮಷೀನಿನಿಂದ ಬಂದಾಗ ಹಿಗ್ಗಿದೆ. ನೆನೆದರೆ ಈಗ ಮೈಯೆಲ್ಲ ಅಸಹ್ಯವಾಗುತ್ತದೆ.

ಅದನ್ನು ಮೆರೆಸಲೆಂದೇ ಕಾಕಾರ ಹತ್ತಿರ ಹೋದೆ. ಸ್ಟುಡಿಯೋ ಮುಚ್ಚಿತ್ತು. ಕೆಳಗೆ ಮಗನ ಝೆರಾಕ್ಸ್ ಅಂಗಡಿಯಲ್ಲಿ ಕೂತಿದ್ದರು. ಫೋಟೋ ಹಿಡಿದು ಬಹಳ ಹೊತ್ತು ನೋಡಿದರು.

"ಯಾರವ್ವ ಇವರು?"

"ನಮ್ಮವ್ವರಿ ಕಾಕಾ. ನೀವೇ ತೆಗದಿದ್ರಲ್ಲ!"

ಅವರು ಬೆರಳನ್ನು ನಾಲಿಗೆಗೆ ಒತ್ತಿ, ಫೋಟೋದ ಮೂಲೆಯನ್ನು ಉಜ್ಜಿದರು. "ಎಂಜಲಿಗೇ ಎದ್ದು ಬರ್ಲಿಕತ್ತದ ನೋಡು. ಇದು ಬಣ್ಣದ ನೀರು, ನಿಲ್ಲಂಗಿಲ್ಲ. ಹಳೀದು ಒಗೀಬ್ಯಾಡವ್ವ..."

ನನಗೆ ಕಂಡದ್ದು ಎಂಜಲು ಮಾತ್ರ. ಅವ್ವನ ಫೋಟೋಕ್ಕೆ ಎಂಜಲು! ಹನ್ನೆರಡರ ಹುಡುಗಿಯ ಹಾಗೆಯೇ ಮೂಗು ಮುರಿದು, ಫೋಟೋ ಕಿತ್ತುಕೊಂಡು, ಸೆರಗಿನಿಂದ ಒರೆಸಿದೆ. ಸೆರಗಿಗೂ ಹಸಿರು ಹತ್ತಿತು. ಅವರ ಕೈಯ ಕೊಳೆ ಅಂದುಕೊಂಡೆ.

ನಮ್ಮಲ್ಲಿ ಹಳೆಯ ದೇವರ ಪಟಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಕಸಕ್ಕೂ ಹಾಕುವುದಿಲ್ಲ. ಗುಡಿಯ ಹಿಂದಿನ ಬೇವಿನ ಮರದ ಬುಡಕ್ಕೆ ಇಟ್ಟು ಬರುತ್ತೇವೆ. ಅವ್ವನ ಹಳೆಯ ಫೋಟೋವನ್ನೂ ಹಾಗೇ ಮರ್ಯಾದೆಯಿಂದ ಇಟ್ಟು, ಕೈಮುಗಿದು ಬಂದೆ. ಎಷ್ಟು ಮರ್ಯಾದಸ್ಥಳು ನಾನು!

ಫ್ರೇಮು ಬಿಚ್ಚಿದ ಅದೇ ಸೋಮವಾರ ಆ ಬೇವಿನ ಬುಡಕ್ಕೆ ಓಡಿದೆ. ಕಟ್ಟೆಗೆ ಹೊಸ ಸಿಮೆಂಟು ಬಿದ್ದಿತ್ತು, ಒಂದು ಗಾಜಿನ ಚೂರೂ ಇರಲಿಲ್ಲ. ತಾಂಡೂರಿನ ಅಂಗಡಿಗೆ ಫೋನ್ ಮಾಡಿದರೆ, "ಹಳೇ ಫೈಲು ಇಡಂಗಿಲ್ರಿ. ಒರಿಜಿನಲ್ ತರ್ರಿ ಮೇಡಂ, ಮತ್ತೊಂದು ಮಾಡಿಕೊಡ್ತೀನಿ" ಎಂದ. ಉಳಿದದ್ದು ಕಾಕಾರ ನೆಗೆಟಿವ್ ಒಂದೇ. ಝೆರಾಕ್ಸ್ ಅಂಗಡಿಗೆ ಹೋದೆ. ಅವರ ಸೊಸೆ ಕೂತಿದ್ದಳು.

"ಮಾಮಾ ಹೋಗಿ ವರ್ಷಾತ್ರಿ" ಎಂದಳು. ಆದರೂ ನಾಚಿಕೆಯಿಲ್ಲದೆ ನೆಗೆಟಿವ್ ಡಬ್ಬಿಗಳನ್ನು ಕೇಳಿದೆ.

"ಮಾಳಿಗಿ ಸೋರಿ ಎಲ್ಲಾ ಒಂದಕ್ಕೊಂದು ಅಂಟ್ಕೊಂಡಿದ್ದವ್ರಿ. ಏನ್ ನಾತ ಅಂತೀರಿ! ಒಗದ್ಬಿಟ್ಟೀವಿ." ಹೇಳುವಾಗ ಅವಳು ಮೂಗು ಮುರಿದಳು. ಬೈಯೋಣ ಅನ್ನಿಸಿತು. ಯಾವ ಬಾಯಿಂದ ಬೈಯಲಿ? ಆ ಮೂಗು ನನ್ನದೇ ಆಗಿತ್ತು.

ಕಾಕಾರಿಗೆ ಒಂದು ಮಾತು ಹೇಳುವುದಿತ್ತು. ಅವರು ಕೊಟ್ಟ ಭಜಿಯನ್ನು ಆ ದಿನ ತಿನ್ನಬಹುದಿತ್ತು...

ಮನೆಗೆ ಬಂದು ಕೈ ತೊಳೆದೆ. ಗಾಜಿನಿಂದ ಹತ್ತಿದ ಕುಂಕುಮದ ಕೆಂಪು ಉಗುರಿನ ಸಂದಿಯಲ್ಲಿ ಹಾಗೇ ಕೂತಿತ್ತು. ಕಾಗದದ ಮೇಲೆ ಮೂರು ವರ್ಷ ನಿಲ್ಲದ ಬಣ್ಣ ಸೋಪಿಗೂ ಜಗ್ಗಲಿಲ್ಲ. ಐದು ವರ್ಷದ ಮೊಮ್ಮಗಳು ಬಂದು ಬರಿಗೋಡೆ ನೋಡಿ, "ಮುತ್ತಜ್ಜಿ ಎಲ್ಲಿ ಹೋದ್ಳು?" ಎಂದಳು. ಅವಳು ಹೇಗಿದ್ದಳು ಹೇಳು ನೋಡೋಣ ಎಂದೆ.

"ಬೆಳ್ಳಗಿದ್ಳು. ಹಸರ ಸೀರಿ ಉಟ್ಟಿದ್ಳು. ಬಂಗಾರ ಹಾಕ್ಕೊಂಡಿದ್ಳು."

ಅಲ್ಲ ಮಗಳೇ, ಅದು ಅವ್ವ ಅಲ್ಲ ಎಂದೆ. "ಮತ್ತ ಹ್ಯಾಂಗಿದ್ಳು? ತೋರ್ಸು" ಎಂದು ಹಟ ಹಿಡಿದಳು. ಅವ್ವನ ಮುಖ ನನ್ನ ಕಣ್ಣಲ್ಲಿದೆ. ಇವಳಿಗೆ ಎಲ್ಲಿಂದ ತಂದು ತೋರಿಸಲಿ?