ಹೊಲಿಗೆ ನೋಡುವವರು ಯಾರು?

ಹೊಲಿಗೆ ಉರಿಯತೊಡಗಿದ್ದು ಮಗಳ ಆರನೇ ದಿನದ ಪೂಜೆಯ ಮರುದಿನ. ಮೊದಲಿಗೆ ಅದು ಉರಿ ಎಂದೂ ಅನಿಸಲಿಲ್ಲ. ಕುಳಿತರೆ ಏನೋ ಎಳೆದಂತೆ. ಎದ್ದರೆ ಏನೋ ಜಗ್ಗಿದಂತೆ. ಹೆತ್ತ ಮೇಲೆ ಇಷ್ಟಾದರೂ ಇಲ್ಲದಿದ್ದರೆ ಹೇಗೆ ಎಂದುಕೊಂಡು ಮಗ್ಗುಲು ಬದಲಿಸಿ ಮಲಗಿದೆ. ಸಂಜೆಯ ಹೊತ್ತಿಗೆ ಮಗ್ಗುಲು ಬದಲಿಸುವುದೂ ಕಷ್ಟವಾಯಿತು.

ಹೆರಿಗೆಯಾದದ್ದು ಕಾರವಾರದ ಒಂದು ನರ್ಸಿಂಗ್ ಹೋಮಿನಲ್ಲಿ. ಮಗುವಿನ ತಲೆ ಹೊರಬರಲು ಜಾಗ ಸಾಲದೆ ಕೆಳಗೆ ಸ್ವಲ್ಪ ಕತ್ತರಿಸಿ ಸ್ಟಿಚ್ ಹಾಕಿದ್ದರು. ಡಿಸ್ಚಾರ್ಜ್ ಮಾಡುವಾಗ ಡಾಕ್ಟರಮ್ಮ, "ಸ್ಟಿಚ್ ತಾನಾಗಿಯೇ ಕರಗ್ತದೆ. ಕ್ಲೀನಾಗಿ ಇಟ್ಕೊಳ್ಳಿ. ಮನೇಲಿ ಯಾರಾದ್ರೂ ದಿನಾ ಒಂದ್ಸಲ ನೋಡ್ಲಿ" ಎಂದಿದ್ದರು. ನಮ್ಮ ಆಯಿ, ನನ್ನ ಹೆತ್ತಮ್ಮ, ಸೆರಗು ಸರಿಪಡಿಸಿಕೊಂಡು ಹೇಳಿದ್ದಳು: "ಒಬ್ರಲ್ಲ ಡಾಕ್ಟ್ರೇ, ನಾವು ಇಬ್ಬರ್ನ ಇಟ್ಟಿದ್ದೇವು."

ಆ ಇಬ್ಬರ ಕಥೆಯನ್ನು ಹೇಳಲೇಬೇಕು.

ಮೊದಲನೆಯವರು ನರ್ಸ್‌ಬಾಯಿ. ನನ್ನ ಗಂಡನಿಗೆ ದೂರದ ಸಂಬಂಧದಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ. ಸರ್ಕಾರಿ ಆಸ್ಪತ್ರೆಯಿಂದ ರಿಟೈರ್ ಆಗಿ ಅಂಕೋಲೆಯಲ್ಲಿ ಮನೆ ಕಟ್ಟಿಕೊಂಡು, ಕರೆದವರ ಮನೆಗೆ ಹೋಗಿ ಬಸುರಿ-ಬಾಣಂತಿಯರನ್ನು ನೋಡುತ್ತಿದ್ದರು. ಏಳು ತಿಂಗಳಿಗೆ ನಾನು ಕಾರವಾರದ ಕೋಡಿಬಾಗದಲ್ಲಿದ್ದ ಗಂಡನ ಮನೆಯಿಂದ ಅಂಕೋಲೆಯ ತವರಿಗೆ ಬಂದಾಗ ಅತ್ತೆ ಕಡ್ಡಿ ಮುರಿದಂತೆ ಹೇಳಿದ್ದರು, ನಮ್ಮ ಕಡೆಯಿಂದ ನರ್ಸ್‌ಬಾಯಿ ಇರಲೇಬೇಕು ಎಂದು. ಅವರು ಬಿ.ಪಿ. ನೋಡುತ್ತಿದ್ದರು, ಹೊಟ್ಟೆ ಅಳೆಯುತ್ತಿದ್ದರು, ಪಾದ ಒತ್ತಿ ಬಾವು ನೋಡುತ್ತಿದ್ದರು. ಒಣಮೀನು ಬಂದ್ ಮಾಡಿಸಿದರು. ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೆ ಏರಿಸಿದರು. ಬಸುರಿಯ ನಾಲಗೆಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಎರಡನೆಯವಳು ಗುಲಾಬಕ್ಕ. ಇವಳು ನಮ್ಮ ತವರಿನ ಕಡೆಯವಳು. ಒಂದು ಕಾಲಕ್ಕೆ ಕಡಲದಂಡೆಯ ಕೇರಿಗಳಲ್ಲಿ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದಳು. ಎಲ್ಲರೂ ಆಸ್ಪತ್ರೆ ಹಿಡಿದ ಮೇಲೆ ಅವಳಿಗೆ ಉಳಿದದ್ದು ಬಾಣಂತಿಗೆ ನೀರು ಹಾಕುವ, ಕೂಸಿಗೆ ಎಣ್ಣೆ ತಿಕ್ಕುವ ಕೆಲಸ. ನನ್ನನ್ನೂ ನನ್ನ ಅಣ್ಣನನ್ನೂ ಕಾಲ ಮೇಲೆ ಮಲಗಿಸಿ ಮೀಯಿಸಿದವಳು ಅವಳೇ.

ನರ್ಸ್‌ಬಾಯಿ ನೀರು ಕುಡಿ ಎನ್ನುವರು. ಗುಲಾಬಕ್ಕ ನೀರು ಕುಡಿದರೆ ಹೊಟ್ಟೆ ಬರುತ್ತದೆ ಎನ್ನುವಳು. ಇವರು ಎದ್ದು ತಿರುಗಾಡು ಎಂದರೆ ಅವಳು ಕಾಲು ಚಾಚಿ ಮಲಗು ಎನ್ನುವಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ನಡುವೆ ನೊಗದ ಹಾಗೆ ನಾನು.

ಮನೆಗೆ ಬಂದ ಮೊದಲ ಬೆಳಿಗ್ಗೆಯೇ ಇಬ್ಬರೂ ಬಚ್ಚಲ ಬಾಗಿಲಲ್ಲಿ ಎದುರಾದರು. ಹಂಡೆಯ ಮೇಲೆ ಏಳುತ್ತಿದ್ದ ಹೊಗೆ ನೋಡಿ ನರ್ಸ್‌ಬಾಯಿ, "ಇದು ಬಾಳಂತಿಗೆ ಮೀಯೂಕೋ, ಭತ್ತ ಬೇಯ್ಸೂಕೋ?" ಎಂದರು.

"ನಿಮ್ಮ ಹೆತ್ತವ್ರಿಗೂ ಇಂಥದ್ದೇ ನೀರು ಹಾಕಿರ್ತಾರೆ ಬಾಯಿ. ನೀವು ಬೆಂದೇನೂ ಹೋಗ್ಲಿಲ್ಲಲ್ಲ?" ಎಂದಳು ಗುಲಾಬಕ್ಕ.

"ನೀರು ಎಂತಾದ್ರೂ ಮಾಡ್ಕೋ. ಹೊಲಿಗೆಗೆ ಮಾತ್ರ ನಿನ್ನ ಅರಿಶಿನ ಎಣ್ಣೆ ಹಚ್ಚೀಯೆ, ಜ್ವಾಕೆ! ಅದು ಆಸ್ಪತ್ರೆಯೋರು ಹಾಕಿದ್ದು."

ಗುಲಾಬಕ್ಕ ಎರಡೂ ಕೈ ಮೇಲೆತ್ತಿದಳು. "ದೇವ್ರಾಣೆ, ನಾ ಆ ಬದಿಗೆ ತಿರುಗಿ ಸೈತ ನೋಡೂದಿಲ್ಲ."

ನಮ್ಮ ಆಯಿ ಜಗಳಕ್ಕೆ ಹೆದರುವವಳು. ಅತ್ತೆಯ ಕಡೆಯವರಿಗೂ ಬೇಜಾರಾಗಬಾರದು, ಗುಲಾಬಕ್ಕನಿಗೂ ಬೇಜಾರಾಗಬಾರದು. ಆದ್ದರಿಂದ ಆ ದಿನವೇ ಒಂದು ಏರ್ಪಾಡು ಮಾಡಿದಳು. ಗುಲಾಬಕ್ಕ ಬೆಳಿಗ್ಗೆ, ನರ್ಸ್‌ಬಾಯಿ ಸಂಜೆ. ಒಬ್ಬರ ಮುಖ ಒಬ್ಬರು ನೋಡುವುದೇ ಬೇಡ. ಮನೆ ತಣ್ಣಗಾಯಿತು, ಆಯಿ ಉಸಿರು ಬಿಟ್ಟಳು.

ಯಾರೂ ನನ್ನ ಹೊಲಿಗೆ ನೋಡಲಿಲ್ಲ.

ನಾನು ಹೇಳಲಿಲ್ಲವೇ? ಹೇಳಿದೆ. ಸೊಸೈಟಿಯ ಕೌಂಟರಿನಲ್ಲಿ ಕುಳಿತು ದಿನವಿಡೀ ಜನರೊಡನೆ ಗಂಟಲು ಹರಿದುಕೊಳ್ಳುವವಳು ನಾನು, ಬಾಯಿ ಇಲ್ಲದವಳಲ್ಲ. ಬಚ್ಚಲಲ್ಲಿ ಗುಲಾಬಕ್ಕ ಸೊಂಟಕ್ಕೆ ನೀರು ರಾಚುತ್ತಿದ್ದಾಗ ಹೇಳಿದೆ, "ಕೆಳಗೆ ಉರೀತದೆ, ಸ್ವಲ್ಪ ನೋಡೇ ಗುಲಾಬಕ್ಕ." ಅವಳು ಮುಖ ಆಚೆ ತಿರುಗಿಸಿದಳು. "ಅದು ನಂದಲ್ಲ ತಂಗಿ. ಬಾಯಿಯೋರು ಸಂಜಿಗೆ ಬತ್ರಲ್ಲ, ಅವ್ರಿಗೆ ತೋರ್ಸು."

ಸಂಜೆ ನರ್ಸ್‌ಬಾಯಿಗೆ ಹೇಳಿದೆ. ಅವರು ಬಿ.ಪಿ. ಪಟ್ಟಿ ಬಿಚ್ಚುತ್ತ ಕೇಳಿದರು, "ಬೆಳಿಗ್ಗೆ ಮೀಯ್ಸೋವ್ಳು ಎಂತಾದ್ರೂ ಹೇಳಿದ್ಲಾ?"

"ಇಲ್ಲ."

"ಹಂಗಾರೆ ಸರಿ ಅದೆ. ದಿನಾ ಮೈಯೆಲ್ಲ ತೊಳೆಯೋವ್ಳಿಗೆ ಕಾಣ್ದೇ ಇರ್ತದಾ? ಸ್ಟಿಚ್ ಒಣಗೂವಾಗ ಉರಿ ಇರೂದೇ."

ಆಯಿಗೆ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಕೂಸಿನ ಬಟ್ಟೆ ಮಡಚುತ್ತ, "ನಂಗೆಂತ ತಿಳೀತದೆ ಮಗಾ? ತಿಳಿದೋರು ಇಬ್ಬರಿದ್ರಲ್ಲ" ಎಂದಳು.

ಗಂಡ ಬೋಟಿನ ಮೇಲೆ ಹೋಗಿದ್ದ. ಮೀನುಗಾರಿಕೆ ಆಗಷ್ಟೇ ಶುರುವಾಗಿತ್ತು, ದಡಕ್ಕೆ ಬಂದಾಗ ಮಾತ್ರ ಅವನ ಮೊಬೈಲ್ ಸಿಗುತ್ತಿತ್ತು. ಸಿಕ್ಕಾಗ ಹೇಳಿದೆ. ಅವನೂ ಅದನ್ನೇ ಹೇಳಿದ. "ಇಬ್ಬರಿದ್ರಲ್ಲೇ, ಹೆದ್ರತಿ ಯಾಕೆ?" ಫೋನನ್ನು ಕುಕ್ಕಿದೆ. ಆಯಿ ಒಳಗಿನಿಂದ, ಬಾಣಂತಿ ಸಿಟ್ಟು ಮಾಡಿಕೊಂಡರೆ ಹಾಲು ಬತ್ತುತ್ತದೆ ಎಂದು ಕೂಗಿದಳು.

ಆಮೇಲೆ ಚಳಿ ಬಂತು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಜ್ವರ. ಗುಲಾಬಕ್ಕ ಮೊಲೆ ಮುಟ್ಟಿ ನೋಡಿ ಹಾಲು ಕಟ್ಟಿದ ಜ್ವರ ಎಂದಳು. ಸಂಜೆ ನರ್ಸ್‌ಬಾಯಿಯೂ ಹಾಲಿನ ಜ್ವರವೇ ಎಂದು ಮಾತ್ರೆ ಕೊಟ್ಟರು. ನನ್ನ ದೇಹದಲ್ಲಿ ಮೊಲೆ ಬಿಟ್ಟು ಬೇರೆ ಅಂಗವೇ ಇಲ್ಲ ಎನ್ನುವ ಹಾಗಿತ್ತು ಇವರ ವೈದ್ಯ. ಬಂದ ನೆಂಟರೂ ಅಷ್ಟೆ. ಹಾಲು ಬರ್ತದಾ, ಸಾಕಾಗ್ತದಾ, ಕೂಸು ನಿದ್ದೆ ಮಾಡ್ತದಾ. ಹೆತ್ತವಳು ನಿದ್ದೆ ಮಾಡಿದಳೇ ಎಂದು ಕೇಳಿದವರಿಲ್ಲ. ವಾಸನೆ ಶುರುವಾದದ್ದು ನನಗೆ ಗೊತ್ತಾಗುತ್ತಿತ್ತು. ಆದರೆ ಮಿಂದ ಕೂಡಲೇ ಗುಲಾಬಕ್ಕ ಕೆಂಡದ ಮೇಲೆ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಹಾಕಿ ಕೋಣೆ ತುಂಬ ಹೊಗೆ ಎಬ್ಬಿಸುತ್ತಿದ್ದಳು. ಆ ಹೊಗೆಯಲ್ಲಿ ಸತ್ತ ಹೆಗ್ಗಣವಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಕೈಗೆ ಬಲವೇ ಬರಲಿಲ್ಲ.

ಆಗ ಹೆದರಿದೆ. ಇದು ಹೀಗೆಯೇ ಹೋದರೆ ನಾನು ಸಾಯುತ್ತೇನೆ, ಇಬ್ಬರು ಸೂಲಗಿತ್ತಿಯರ ಮರ್ಯಾದೆ ಕಾಯುತ್ತ ಸಾಯುತ್ತೇನೆ ಎನಿಸಿತು. ಗುಲಾಬಕ್ಕ ಹಂಡೆ ಕಾದಿದೆ ಎಂದು ಕರೆದಳು. ನಾನು ಮಂಚ ಬಿಟ್ಟು ಏಳಲಿಲ್ಲ. "ನರ್ಸ್‌ಬಾಯಿ ಬರ್ಲಿ. ಇಬ್ಬರೂ ಒಟ್ಟಿಗೆ ನಿಂತು ನೋಡೂವರೆಗೆ ನಾ ಮೀಯೂದೂ ಇಲ್ಲ, ಗಂಜಿ ಮುಟ್ಟೂದೂ ಇಲ್ಲ" ಎಂದೆ.

"ಮಳ್ಳ್ ಹಿಡೀತನೇ ನಿಂಗೆ? ನೀರು ಆರ್ತದೆ" ಎಂದಳು ಆಯಿ.

"ಆರ್ಲಿ!"

ನನ್ನ ಕೂಗಿಗೆ ಅಪ್ಪ ಅಂಗಿಯ ಗುಂಡಿ ಕೂಡ ಹಾಕಿಕೊಳ್ಳದೆ ಸ್ಕೂಟರ್ ತೆಗೆದರು. ನರ್ಸ್‌ಬಾಯಿ ಬಂದರು. ಇಬ್ಬರೂ ಬಾಗಿಲ ಎರಡು ಪಕ್ಕ ನಿಂತರು, ನೆಲ ನೋಡುತ್ತ. ನಾನು ಸೀರೆ ಮೇಲೆತ್ತಿ ಮಲಗಿ ಹೇಳಿದೆ, "ಈಗ ನೋಡಿ. ಒಬ್ರು ನೋಡಿ ಇನ್ನೊಬ್ರಿಗೆ ಹೇಳೂದು ಬೇಡ."

ನೋಡಿದರು. ಗುಲಾಬಕ್ಕ ನರ್ಸ್‌ಬಾಯಿಯ ತೋಳು ಹಿಡಿದುಕೊಂಡಳು. "ಬಾಯಿ, ಇದು ಬಿರ್ದೇ ಹೋಗ್ಯದಲ್ಲ."

"ಹೌದೇ," ಎಂದರು ನರ್ಸ್‌ಬಾಯಿ. ಅವರ ಸ್ವರ ಸಣ್ಣದಾಗಿತ್ತು. "ಗಾಡಿ ತರ್ಸಿ."

ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಒಪ್ಪಿಗೆ ಕಾರವಾರದ ದಾರಿಯಲ್ಲಿ ಅವರ್ಸಾ ದಾಟುವವರೆಗೂ ಬಾಳಲಿಲ್ಲ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ನಾನು ಒಂದು ಮಗ್ಗುಲಾಗಿ ಗುಲಾಬಕ್ಕನ ತೊಡೆಯ ಮೇಲೆ ತಲೆ ಇಟ್ಟಿದ್ದೆ. ಮುಂದೆ ನರ್ಸ್‌ಬಾಯಿ, ಮಡಿಲಲ್ಲಿ ಕೂಸು. ದಿನಾ ತೊಳೆಯುವವಳಿಗೆ ಕಣ್ಣಿಲ್ಲವೇ ಎಂದು ಇವರು. ನೋಡಬೇಡ ಎಂದು ಆಣೆ ಹಾಕಿಸಿದ್ದು ಯಾರು ಎಂದು ಅವಳು. ಬಿಣಗಾ ಬಂದರೂ ಮುಗಿಯಲಿಲ್ಲ. "ಇಬ್ಬರೂ ಬಾಯಿ ಮುಚ್ಚಿ!" ಎಂದು ಇದ್ದ ಶಕ್ತಿಯೆಲ್ಲ ಕೂಡಿಸಿ ಕಿರುಚಿದೆ. ಅವರು ಸುಮ್ಮನಾದರು, ಕೂಸು ಶುರುಮಾಡಿತು.

ಡಾಕ್ಟರಮ್ಮ ನೋಡಿ, ಗ್ಲೌಸ್ ತೆಗೆದು, ಕೇಳಿದರು. "ಮನೇಲಿ ಯಾರು ನೋಡ್ತಿದ್ರು?"

"ಇಬ್ಬರಿದ್ರು."

"ಇಬ್ಬರಿದ್ದೂ ಹೀಗಾ?"

ಇನ್‌ಫೆಕ್ಷನ್ ಆಗಿ ಸ್ಟಿಚ್ ಬಿಟ್ಟುಕೊಂಡಿದೆ, ಕೀವು ತುಂಬಿದೆ, ಇನ್ನೂ ತಡವಾಗಿದ್ದರೆ ರಕ್ತಕ್ಕೆ ಏರುತ್ತಿತ್ತು ಎಂದರು. ಅಡ್ಮಿಟ್. ಡ್ರಿಪ್, ಆಂಟಿಬಯಾಟಿಕ್ ಇಂಜೆಕ್ಷನ್, ದಿನಾ ಡ್ರೆಸಿಂಗ್. ಡ್ರೆಸಿಂಗ್ ಎನ್ನುವುದು ಎಷ್ಟು ಸಭ್ಯ ಶಬ್ದ! ಹೆರಿಗೆಯ ನೋವನ್ನು ಮರೆತೆ, ಅದನ್ನು ಮರೆತಿಲ್ಲ. ಗಾಯ ಸ್ವಚ್ಛವಾದ ಮೇಲೆ ಮತ್ತೆ ಹೊಲಿದರು. ಕೋಡಿಬಾಗದಿಂದ ಅತ್ತೆ ಬಿಸಿ ಗಂಜಿ ತಂದರು. ಪಾಪ, ದಿನಾ ತಂದರು. ತಂದು ದಿನಾ ಕೇಳಿದರು: "ಹಾಲು ಬರ್ತದಾ?"

ಮರಳಿ ಅಂಕೋಲೆಗೆ ಬಂದ ಮೇಲೆ ಎಲ್ಲ ಉಲ್ಟಾ ಆಯಿತು. ಈಗ ಇಬ್ಬರೂ ಬೆಳಿಗ್ಗೆ ಒಟ್ಟಿಗೇ ಬರತೊಡಗಿದರು. ಟಾರ್ಚು ಹಿಡಿಯುವವಳು ಗುಲಾಬಕ್ಕ, ಹತ್ತಿಯಲ್ಲಿ ಒರೆಸುವವರು ನರ್ಸ್‌ಬಾಯಿ. ಸಂಜೆ ದಾರಿಯಲ್ಲಿ ಹೋಗುವಾಗ ಒಬ್ಬರು ಇಣುಕುವರು, ದೀಪ ಹಚ್ಚುವ ಹೊತ್ತಿಗೆ ಇನ್ನೊಬ್ಬಳು. ನನ್ನ ಕಾಲುಗಳ ನಡುವೆ ಪ್ರದರ್ಶನ ಏರ್ಪಡಿಸಿದ ಹಾಗಾಗಿತ್ತು. ರೇಗುತ್ತಿದ್ದೆ. ರೇಗಿದರೂ ಕಾಲು ಮಡಚುತ್ತಿರಲಿಲ್ಲ. ಅವರು ಬರುವುದು ತಡವಾದರೆ ಬಾಗಿಲ ಕಡೆ ನೋಡುತ್ತಿದ್ದೆ ಎನ್ನುವುದನ್ನೂ ಹೇಳಿಬಿಡಬೇಕು. ನನ್ನನ್ನು ಉಳಿಸಿದವರೂ ಅವರೇ, ಕೊಲ್ಲಲು ಹೊರಟಿದ್ದವರೂ ಅವರೇ. ಸಿಟ್ಟು ಎಲ್ಲಿ ಮುಗಿದು ಋಣ ಎಲ್ಲಿ ಶುರುವಾಗುತ್ತದೆ ಎಂದು ನನಗೆ ಇನ್ನೂ ತಿಳಿದಿಲ್ಲ.

ಆಯಿ ಮಾತ್ರ ಆ ಹೊತ್ತಿಗೆ ಕೋಣೆಯಲ್ಲಿ ಇರುತ್ತಿರಲಿಲ್ಲ. ಆಸ್ಪತ್ರೆಯಲ್ಲೂ ಅಷ್ಟೆ, ಡ್ರೆಸಿಂಗ್ ಟ್ರೇ ಬಂದ ಕೂಡಲೇ ಕೂಸನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟಿದ್ದದ್ದು ಅವಳ ಮೇಲೆ. ಸಂಬಳಕ್ಕೆ ಬಂದವರು ತಪ್ಪಬಹುದು. ಹೆತ್ತವಳು ಗೋಡೆಯ ಕಡೆ ತಿರುಗುವುದೆಂದರೇನು?

ಬಾಣಂತನ ಮುಗಿದು ಇಬ್ಬರೂ ಬರುವುದನ್ನು ನಿಲ್ಲಿಸಿದ ಮೇಲೆ ಒಂದು ಮಧ್ಯಾಹ್ನ ಆಯಿ ಕೋಣೆಗೆ ಬಂದು ಚಿಲಕ ಹಾಕಿದಳು. ಕನ್ನಡಕ ಹಾಕಿಕೊಂಡಿದ್ದಳು. "ಇಂದ್ ನಾ ನೋಡ್ತೆ," ಎಂದಳು.

"ಈಗ್ಯಾಕೆ? ಅವತ್ತು ಕರ್ದಾಗ ಬರ್ಲಿಲ್ಲ."

ಅವಳು ಮಂಚದ ತುದಿಯಲ್ಲಿ ಕುಳಿತಳು. "ಅದು ನೋಡೂವಂಥದ್ದು ಅಂತ ನಂಗೆಲ್ಲಿ ಗೊತ್ತಿತ್ತೇ? ನಿನ್ನ ಹೆತ್ತಾಗ ನಂಗೂ ಹರ್ದಿತ್ತು. ಇವತ್ತಿನವರೆಗೂ ಯಾರೂ ನೋಡ್ಲಿಲ್ಲ. ನಾನೂ ಯಾರ್ಗೂ ಹೇಳ್ಲಿಲ್ಲ."

ಮಲಗಿದೆ. ಅವಳು ಕಿಟಕಿ ಬಾಗಿಲು ಇನ್ನಷ್ಟು ತೆರೆದು, ಬಗ್ಗಿ, ಬಹಳ ಹೊತ್ತು ನೋಡಿದಳು. ಮುಖ ತಿರುಗಿಸಲಿಲ್ಲ.

"ಒಣಗ್ಯದೆ," ಎಂದಳು. ಆಮೇಲೆ ಕೇಳಿದಳು, "ನೋವದೆಯೇನೇ?"

ಅಷ್ಟು ದಿನಗಳಲ್ಲಿ ಹಾಗೆ ಕೇಳಿದ್ದು ಅವಳೊಬ್ಬಳೇ.

"ಅದೆ ಆಯಿ," ಎಂದೆ. "ನಿಂಗೆ?"