ಮುಳ್ಳು ಚಾರ್ಜಿನ ಕಡೆ ವಾಲಿದ ಸಂಜೆ

ದೃಷ್ಟಿ, ಪವಾಡ, ಇಂಥ ಮಾತುಗಳನ್ನು ನಾನು ಎಂದೂ ನಂಬಿದವನಲ್ಲ. ಲಿಂಬೆಹಣ್ಣು ಕಟ್ಟಿದ ಗಾಡಿಯೂ ಕೆಡುತ್ತದೆ, ಕಟ್ಟದ ಗಾಡಿಯೂ ಕೆಡುತ್ತದೆ. ಕೆಟ್ಟರೆ ಎಲ್ಲೋ ಒಂದು ವೈರು ಸಡಿಲಾಗಿರುತ್ತದೆ, ಇಲ್ಲವೆ ಯಾರೋ ಮೋಸ ಮಾಡಿರುತ್ತಾರೆ. ನನಗೆ ತಿಳಿದದ್ದು ಅಷ್ಟೇ. ಶಾಲೆ ಕಲಿತದ್ದು ಕಡಿಮೆ, ಡ್ರೈವರ್ ಆಗಿ ಬದುಕಿದವನು. ಆದರೆ ಮೊನ್ನೆ ನಾನು ಅಜ್ಜನಾದೆ! ಮಗಳಿಗೆ ಹೆಣ್ಣು ಕೂಸು. ಓಣಿಗೆಲ್ಲ ಪೇಢೆ ಹಂಚಿದೆ, ಹಾದಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಕೊಟ್ಟೆ. ಆದರೂ ಇನ್ನೇನೋ ಹಂಚುವುದು ಉಳಿದಿದೆ ಅನ್ನಿಸುತ್ತದೆ. ಉಳಿದದ್ದು ಇದು.

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರ ಮಾತು. ನಾನು ಒಬ್ಬ ಸಾಹುಕಾರರ ಬಾಡಿಗೆ ಕಾರು ಓಡಿಸುತ್ತಿದ್ದೆ. ಅದರ ಡೈನಮೋ ಚಾರ್ಜ್ ಮಾಡುತ್ತಿರಲಿಲ್ಲ. ಈಗ ಆಲ್ಟರ್ನೇಟರ್ ಮಾಡುವ ಕೆಲಸವನ್ನು ಆಗ ಡೈನಮೋ ಮಾಡುತ್ತಿತ್ತು. ಎಂಜಿನ್ ಓಡಿದರೆ ಬೆಲ್ಟಿನಿಂದ ಅದೂ ತಿರುಗಿ ಬ್ಯಾಟರಿ ತುಂಬಬೇಕು, ಮುಂದಿನ ಮೀಟರಿನ ಮುಳ್ಳು ಚಾರ್ಜಿನ ಕಡೆ ವಾಲಬೇಕು. ನಮ್ಮ ಮುಳ್ಳು ಯಾವಾಗಲೂ ಈಚೆ, ಡಿಸ್‌ಚಾರ್ಜಿನ ಕಡೆಗೇ ಬಿದ್ದಿರುತ್ತಿತ್ತು.

ಮೇಸ್ತ್ರಿ ಮಹಬೂಬ ಉಸ್ತಾದರು ಡೈನಮೋದ ಕಾರ್ಬನ್ ತಿಕ್ಕಿದರು, ಬೆಲ್ಟ್ ಬಿಗಿದರು, ಕಡೆಗೆ ಡೈನಮೋ ಬಿಚ್ಚಿ, "ಒಳಗಿನ ಕಾಯಿಲ್ ಸುಟ್ಟದ ಭಾಯಿ, ಹೊಸಾದೇ ಬೇಕು" ಅಂದರು. ಅಲ್ಲಿಯವರೆಗೆ ಸಾಮಾನೆಲ್ಲ ಹೈದರಾಬಾದಿನಿಂದ ಬರುತ್ತಿತ್ತು. ಸಾಹುಕಾರರು, "ಈಗ ನಮ್ಮ ರಾಜ್ಯ ಬ್ಯಾರೆ ಆಯ್ತಲ್ಲ, ಬೆಂಗಳೂರಿಂದ ತರಸ್ತೇನಿ" ಅಂದು ಸುಮ್ಮನೆ ಕುಳಿತರು. ನನ್ನ ಸಂಶಯವೆಲ್ಲ ಉಸ್ತಾದರ ಮೇಲೆ. ಒಳ್ಳೆಯ ಡೈನಮೋ ತಾವು ಇಟ್ಟುಕೊಂಡು ಸುಟ್ಟದ್ದನ್ನು ಕೂರಿಸಿದ್ದಾರೆ ಅಂತ. ಬ್ಯಾಟರಿಯನ್ನು ಹೊರಗೆ ಚಾರ್ಜ್ ಮಾಡಿಸಿಕೊಂಡು, ಹಗಲು ಹೊತ್ತು ಮಾತ್ರ ಗಾಡಿ ಓಡಿಸುತ್ತಿದ್ದೆ.

ನನ್ನ ಹೆಂಡತಿ ಚೊಚ್ಚಲ ಬಸುರಿ. ಕುಬಸದ ಶಾಸ್ತ್ರ ಮುಗಿಸಿ ಅವಳ ಅವ್ವ ತವರಿಗೆ, ಡಾಬಕಾಕ್ಕೆ, ಕರೆದೊಯ್ದಿದ್ದರು. ಒಂದು ದಿನ ಔರಾದಕ್ಕೆ ಬಾಡಿಗೆ ಸಿಕ್ಕಿತು. ಜನರನ್ನು ಇಳಿಸಿ, ಅವಳನ್ನು ನೋಡಿ ಬರೋಣವೆಂದು ಹೋದೆ. ಹೋಗಿ ನೋಡಿದರೆ ದಿನ ತುಂಬುವ ಮೊದಲೇ ಬೇನೆ ಶುರುವಾಗಿದೆ. ಸೂಲಗಿತ್ತಿ ಹೊರಗೆ ಬಂದು, "ಕೂಸು ಅಡ್ಡ ಅದ ತಮ್ಮಾ. ನನ್ನ ಕೈಲಿ ಆಗಂಗಿಲ್ಲ. ಬೀದರ ದವಾಖಾನಿಗಿ ಒಯ್ಯಿ, ತಡಾ ಮಾಡಬ್ಯಾಡ" ಅಂದಳು.

ಹೊತ್ತು ಇಳಿದಿತ್ತು. ಬರುವಾಗಲೇ ಬ್ಯಾಟರಿ ಸೋತಿತ್ತು. ದಾರಿಯಲ್ಲಿ ಕತ್ತಲಾಗುತ್ತದೆ, ದೀಪ ಹಾಕಿದರೆ ಎಂಜಿನ್ ನಿಲ್ಲುತ್ತದೆ, ನಿಂತರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಆದರೆ ಬೇರೆ ಗಾಡಿ ಎಲ್ಲಿಂದ ತರಲಿ?

ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅತ್ತೆ ಅವಳ ಮಗ್ಗುಲಿಗೆ ಒಂದು ಕುಡುಗೋಲು ಇಟ್ಟರು. ಬಸುರಿ ಹೊರಗೆ ಹೊರಟರೆ ಜೊತೆಗೆ ಕಬ್ಬಿಣ ಇರಬೇಕೆಂಬುದು ಅವರ ರೂಢಿ. ನನಗೆ ಸಿಟ್ಟು ಬಂತು.

"ಗಾಡಿ ಪೂರಾ ಕಬ್ಬಿಣಾನೇ ಅದ ಅಲ್ಲಾ ಅತ್ತಿ?"

"ಅದು ಸಾಹುಕಾರನ ಕಬ್ಬಿಣ, ಇದು ನಮ್ಮ ಮನೀದು. ನೀವು ಗಾಡಿ ಹೊಡೀರಿ ಅಳಿಯಾರ."

ಹ್ಯಾಂಡಲ್ ತಿರುವಿ ಎಂಜಿನ್ ಎಬ್ಬಿಸಿದೆ. ಊರು ದಾಟುವಾಗ ಮೀಟರ್ ನೋಡಿದರೆ ಮುಳ್ಳು ಚಾರ್ಜಿನ ಕಡೆ ನಿಂತಿದೆ. ಗಾಜು ತಟ್ಟಿದೆ. ನಡುಗಿತು, ಮತ್ತೆ ಅಲ್ಲೇ ನಿಂತಿತು. ಔರಾದದಲ್ಲಿ ಕಂಪೌಂಡರಿಗೆ ತೋರಿಸಲು ಅವಳನ್ನು ಇಳಿಸಿದೆವು. ಎಂಜಿನ್ ಬಂದ್ ಮಾಡಲು ಧೈರ್ಯವಾಗದೆ ನಾನು ಗಾಡಿಯಲ್ಲೇ ಕುಳಿತೆ. ಮುಳ್ಳು ದಪ್ಪನೆ ಈಚೆಗೆ ಬಿತ್ತು. ಎಂಜಿನ್ ನಿಧಾನ ಇದ್ದಾಗ ಹಾಗಾಗುವುದುಂಟು ಎಂದು ಎಕ್ಸಿಲೇಟರ್ ಒತ್ತಿದೆ. ಏರಲಿಲ್ಲ. ಕಂಪೌಂಡರ್ ಕೂಡ ಬೀದರಕ್ಕೇ ಒಯ್ಯಿರಿ ಅಂದ. ಅವಳನ್ನು ಮತ್ತೆ ಮಲಗಿಸಿದ್ದೇ ತಡ, ನಾನು ಎಕ್ಸಿಲೇಟರ್ ಮೇಲೆ ಕಾಲು ಇಡುವ ಮೊದಲೇ ಮುಳ್ಳು ಏರಿತು.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾರೋ ನನ್ನನ್ನು ಆಟ ಆಡಿಸುತ್ತಿದ್ದಾರೆ ಅನ್ನಿಸಿತು. ಕತ್ತಲಾಗುತ್ತಿದ್ದಂತೆ ಅಂಜುತ್ತಲೇ ದೀಪ ಹಾಕಿದೆ. ಹೊಸ ಬ್ಯಾಟರಿಗೂ ಅಷ್ಟು ಬೆಳಕು ಬರುತ್ತಿರಲಿಲ್ಲ.

"ಏನ್ರಿ, ಮುಟ್ತೇವ?" ಹಿಂದಿನಿಂದ ಅವಳ ದನಿ.

"ಮುಟ್ತೇವಿ, ಸುಮ್ನಿರು."

ದವಾಖಾನೆ ಮುಟ್ಟಿದೆವು. ಮಗಳು ಹುಟ್ಟಿದಳು, ತಾಯಿಯೂ ಉಳಿದಳು.

ಮರುದಿನ ನೇರ ಉಸ್ತಾದರ ಶೆಡ್ಡಿಗೆ ಹೋದೆ. "ಖರೇ ಹೇಳ್ರಿ, ಕಾಯಿಲ್ ಸುಟ್ಟೇ ಇಲ್ಲ ಅಲ್ಲಾ?" ಅಂದೆ. ಅವರು ಡೈನಮೋ ಬಿಚ್ಚಿ ತೋರಿಸಿದರು. ಒಳಗೆ ಇದ್ದಲಿನಂತೆ ಕಪ್ಪು. ನನ್ನ ಕಥೆ ಕೇಳಿ ಅವರಿಗೆ ನನ್ನ ಮೇಲೆ ಸಂಶಯ. "ಔರಾದದಾಗ ಬ್ಯಾರೆ ಮೇಸ್ತ್ರಿ ಕೈ ಹಾಕ್ಯಾನ ಏನು?" ಅಂದರು. ಅದನ್ನೇ ಮತ್ತೆ ಜೋಡಿಸಿದರು. ಬ್ಯಾಟರಿ ಹಿಂದಿನ ಸೀಟಿನ ಕೆಳಗಿತ್ತು. ಭಾರಕ್ಕೆ ವೈರು ಒತ್ತಿರಬೇಕೆಂದು ಆ ದಪ್ಪ ಮನುಷ್ಯ ತಾವೇ ಸೀಟಿನ ಮೇಲೆ ಕುಣಿದು ನೋಡಿದರು. ಮುಳ್ಳು ಏಳಲಿಲ್ಲ. ಕುಡುಗೋಲು ಇಟ್ಟು ನೋಡಿದರು. ಅದಕ್ಕೂ ಏಳಲಿಲ್ಲ.

"ಇನ್ನ ಉಳದವ್ರು ನಿಮ್ಮ ಮನಿಯವ್ರು. ಅವರೇನು ಬ್ಯಾಟರಿನಾ ಭಾಯಿ?" ಎಂದು ಹೊಟ್ಟೆ ಹಿಡಿದು ನಕ್ಕರು.

ದವಾಖಾನೆಯಿಂದ ಮನೆಗೆ ಕಳಿಸಿದ ದಿನ, ನನ್ನ ಸುಳ್ಳು ಹಿಡಿಯಲೆಂದೇ ಉಸ್ತಾದರು ಗಾಡಿ ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ಹೆಂಡತಿ ಬಂದು ಕುಳಿತಳು. ಮುಳ್ಳು ಅಲುಗಲಿಲ್ಲ. ಉಸ್ತಾದರು ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಆಮೇಲೆ ಅತ್ತೆ ಕೂಸನ್ನು ಎತ್ತಿಕೊಂಡು ಹತ್ತಿದರು. ಮುಳ್ಳು ವಾಲಿತು.

ಉಸ್ತಾದರ ನಗು ನಿಂತಿತು. ಎಂಜಿನ್ ನಿಲ್ಲಿಸಲು ಹೇಳಿ, ಬಾನೆಟ್ ಎತ್ತಿ, ಬೆಲ್ಟನ್ನೇ ಬಿಚ್ಚಿ ತೋಳಿಗೆ ಹಾಕಿಕೊಂಡು ಬಂದರು. ಮತ್ತೆ ಎಂಜಿನ್ ಎಬ್ಬಿಸಿದೆವು. ಡೈನಮೋ ತಿರುಗುತ್ತಿಲ್ಲ, ಇಬ್ಬರೂ ಕಣ್ಣಾರೆ ನೋಡಿದೆವು. ಮುಳ್ಳು ಮಾತ್ರ ಚಾರ್ಜಿನ ಕಡೆಗೇ.

"ಅಮ್ಮಾ, ಕೂಸಿಗಿ ಜರಾ ಹೊರಗ ಕೊಡ್ರಿ," ಅಂದರು ಉಸ್ತಾದರು.

"ಯಾಕ? ನನ್ನ ಮೊಮ್ಮಗಳೇನು ನಿಮ್ಮ ಗಾಡಿ ಸಾಮಾನಾ?" ಅತ್ತೆ ಕೂಸನ್ನು ಸೆರಗಿನೊಳಗೆ ಸೇರಿಸಿಕೊಂಡರು.

ಉಸ್ತಾದರು ಮತ್ತೆ ಕೇಳಲಿಲ್ಲ. ಬೆಲ್ಟ್ ಕೂರಿಸಿ ಕೈ ಒರೆಸಿಕೊಂಡು, ಕಿವಿಯ ಹತ್ತಿರ ಬಂದು, "ಸಾಹುಕಾರಗ ಹೇಳಬ್ಯಾಡ್ರಿ ಭಾಯಿ. ಯಾರಿಗೂ ಹೇಳಬ್ಯಾಡ್ರಿ. ಜನ ಕೂಸಿಗಿ ಸುಮ್ಮನ ಬಿಡಂಗಿಲ್ಲ" ಅಂದರು. ನಾನು ಹೇಳಲಿಲ್ಲ. ಮುಂದೆ ಹೊಸ ಡೈನಮೋ ಬಂತು, ಮುಳ್ಳು ದಿನಾಲೂ ಇರಬೇಕಾದಲ್ಲೇ ಇತ್ತು. ಮಗಳು ಎಲ್ಲ ಮಕ್ಕಳಂತೆಯೇ ಬೆಳೆದಳು. ವೈರೇ ಏನೋ ಆಗಿರಬೇಕೆಂದು ಮನಸ್ಸಿಗೆ ಹೇಳಿಕೊಂಡು ಇಷ್ಟು ವರ್ಷ ಕಳೆದೆ.

ಮೊನ್ನೆ ಬೀದರ ದವಾಖಾನೆಯಿಂದ ಮಗಳನ್ನೂ ಕೂಸನ್ನೂ ಈಗ ನಾವಿರುವ ಭಾಲ್ಕಿಯ ಮನೆಗೆ ಟ್ಯಾಕ್ಸಿಯಲ್ಲಿ ಕರೆತಂದೆವು. ಮನೆ ಮುಂದೆ ಗಾಡಿ ನಿಂತಿತು. ಮಗಳು ಕೂಸನ್ನು ನನ್ನ ಕೈಗೆ ಕೊಟ್ಟಳು. ನಾನು ಇಳಿದೆ.

"ಅರೆ! ಚಾರ್ಜಿನ ಕೆಂಪು ದೀಪ ಹತ್ತಿತಲ್ಲಾ," ಅಂದ ಡ್ರೈವರ್. "ಈಗೀನ ತನಕಾ ಚಲೋ ಇತ್ತು ನೋಡ್ರಿ ಅಜ್ಜಾರ. ಆಲ್ಟರ್ನೇಟರ್ ಹೋಗ್ಯದ ಏನೋ."

ಬಾನೆಟ್ ಎತ್ತಿ ಬೆಲ್ಟ್ ಒತ್ತಿದ, ವೈರು ಎಳೆದ, ತಲೆ ಕೆರೆದುಕೊಂಡ. ವೈರೇ ಇರಬಹುದು. ಅದನ್ನು ತಿಳಿಯಲು ನನಗೆ ಗೊತ್ತಿದ್ದ ಪರೀಕ್ಷೆ ಒಂದೇ. ಗಾಡಿಯ ಬಾಗಿಲು ಇನ್ನೂ ತೆರೆದೇ ಇತ್ತು, ಕೂಸಿನೊಂದಿಗೆ ಎರಡು ಹೆಜ್ಜೆ ಹಿಂದೆ ಹೋದರೆ ಸಾಕಿತ್ತು. ಕೂಸು ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

"ಬಿಸಲು ಭಾಳ ಅದ," ಅಂದೆ. ಕೂಸನ್ನು ಮುಚ್ಚಿಕೊಂಡು ಮನೆಯೊಳಗೆ ಹೋದೆ.