ಒಂದು ಮನೆಗೆ ಒಂದೇ ಕೂಣಿ

ಪರಿಸರ ಹಾಳಾಗಲು ಜನಸಂಖ್ಯೆ ಕಾರಣವೋ ತಂತ್ರಜ್ಞಾನ ಕಾರಣವೋ ಎಂಬ ಚರ್ಚಾಸ್ಪರ್ಧೆಯಲ್ಲಿ ಶಿಕಾರಿಪುರದ ಕಾಲೇಜಿನಲ್ಲಿ ಕಪ್ ಗೆದ್ದವಳು ನಾನು. ಎಲ್ಲಾ ಬಾಯಿಪಾಠ! ನಿಜವಾದ ಚರ್ಚೆ ನೋಡಿದ್ದು ಸೊರಬದ ಕಡೆಯ ಹಳ್ಳಿಯೊಂದರಲ್ಲಿ, ಅಕ್ಕನನ್ನು ಕೊಟ್ಟ ಊರಿನಲ್ಲಿ.

ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಬಂದಾಗ ಅಲ್ಲಿ ಕೆರೆ ಬೇಟೆ. ಪೂಜೆಯಾಗಿ ಕೂಗು ಬಿದ್ದೊಡನೆ ಎಲ್ಲರೂ ಒಟ್ಟಿಗೇ ಕೂಣಿ ಹಿಡಿದು ನೀರಿಗಿಳಿಯುತ್ತಾರೆ. ಕೂಣಿಯೆಂದರೆ ತಳವಿಲ್ಲದ ಬಿದಿರಿನ ಬುಟ್ಟಿ. ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ಮೀನು ತಡಕಬೇಕು.

ಈಚೆಗೆ ಮೀನು ಕಡಿಮೆಯಾಗಿತ್ತು. ಊರಿನ ಸಭೆಯಲ್ಲಿ ಭಾವನೇ ಶುರು ಮಾಡಿದರು: "ಜನ ಜಾಸ್ತಿ ಆಗಿದ್ದಕ್ಕೇ ಹಿಂಗಾಗಿದ್ದು. ಶಿರಾಳಕೊಪ್ಪದಿಂದೆಲ್ಲ ಗಾಡಿ ತುಂಬ್ಕಂಡು ಬರ್ತಾರೆ." ಬೇಟೆ ನಿಲ್ಲಿಸಿ ಊರವರೇ ಬಲೆ ಎಳೆಯೋಣ ಎಂಬುದು ಅವರ ವಾದ. ಅವರೇ ಬಲೆ ತಂದು, ಹೋದ ವರ್ಷ ಗೆಳೆಯರ ಜೊತೆ ಎಳೆದೂ ಆಗಿತ್ತು.

ಪಂಚಾಯ್ತಿ ಸದಸ್ಯೆಯಾದ ಅಕ್ಕ ಎದ್ದು ನಿಂತಳು. ಗಂಡನಿಗೆ ಎದುರಾಗಿ, ಇಡೀ ಊರಿನ ಮುಂದೆ! ನನಗಾಗಿದ್ದರೆ ನಾಲಿಗೆಯೇ ಏಳುತ್ತಿರಲಿಲ್ಲ.

"ಕೂಣಿ ಸಂದಿಯಿಂದ ಮರಿ ನುಸುಳಿ ಹೋಗ್ತದೆ ಕಣ್ರೀ. ನಿಮ್ಮ ಬಲೆ ಬೆರಳುದ್ದದ್ದನ್ನೂ ಬಿಡಲ್ಲ. ಮರಿನೇ ಇಲ್ದಿದ್ರೆ ಮುಂದಿನ ವರ್ಷ ಎಂತ ಹಿಡೀತೀರಿ, ಕಪ್ಪೆನಾ?"

ಸಭೆ ಗೊಳ್ಳೆಂದಿತು. ಭಾವ ನಗಲಿಲ್ಲ. ಅಕ್ಕ ಮುಂದುವರಿಸಿದಳು:

"ನೀವು ಹೇಳಿದ್ದೂ ಸುಳ್ಳಲ್ಲ. ಅಷ್ಟು ಜನ ತುಳಿದ್ರೆ ಮರಿ ಉಳಿಯಲ್ಲ. ಬಲೆನೂ ಬೇಡ, ಈ ಸಂತೆನೂ ಬೇಡ. ಊರಿನವರಿಗೆ ಮಾತ್ರ, ಒಂದು ಮನೆಗೆ ಒಂದೇ ಕೂಣಿ."

ಅದೇ ತೀರ್ಮಾನವಾಯಿತು. ಭಾವ ಅಂದಿನಿಂದ ಅಕ್ಕನ ಕೈಯ ಊಟ ಬಿಟ್ಟು, ತಮ್ಮನ ಮನೆಯಲ್ಲಿ ಉಣ್ಣತೊಡಗಿದರು.

ಬೇಟೆಯ ದಿನ ನಾನೂ ನಮ್ಮ ಯಜಮಾನರೂ ಬೈಕಿಗೆ ಕೂಣಿ ಕಟ್ಟಿಕೊಂಡು ಹೋದೆವು. ನಿಯಮವೆಲ್ಲ ಹೊರಗಿನವರಿಗೆ ಅಂದುಕೊಂಡಿದ್ದೆ. ಕೆರೆ ಏರಿಯ ಮೇಲೆ ಅಕ್ಕ ಅಡ್ಡ ನಿಂತಳು.

"ನಿಮ್ಮದು ಈ ಊರಿನ ಮನೆ ಅಲ್ಲ. ಕೂತು ನೋಡಿ."

"ಅಕ್ಕಾ, ನಿನ್ನ ತಂಗಿ ಕಣೇ ನಾನು!"

"ಅದಕ್ಕೇ ಮೊದಲು ನಿನಗೇ ಹೇಳ್ತಿರೋದು, ಮಾರಾಯ್ತಿ."

ಮೈಯೆಲ್ಲ ಉರಿದುಹೋಯಿತು. ಆದರೆ ಹಿಂದೆ ಬಂದ ಗಾಡಿಗಳವರು, ಒಡಹುಟ್ಟಿದವಳೇ ದಡದಲ್ಲಿ ಕೂತದ್ದು ಕಂಡು, ತಕರಾರು ಮಾಡದೆ ಕೂಣಿ ಕೆಳಗಿಟ್ಟರು. ಎಂಥಾ ಹೆಂಗಸಪ್ಪಾ ಇವಳು ಅನ್ನಿಸಿತು.

ಕೂಗು ಬಿತ್ತು. ಇದನ್ನೆಲ್ಲ ದೂರದಿಂದ ನೋಡುತ್ತಿದ್ದ ಭಾವ, ಮನೆಯ ಕೂಣಿ ಹಿಡಿದು ನೀರಿಗಿಳಿದರು. ಬಹಳ ಹೊತ್ತಿನ ಮೇಲೆ ಮೈತುಂಬ ಕೆಸರಾಗಿ ಏರಿ ಹತ್ತಿ ಬಂದು, ಒಂದು ದಪ್ಪ ಮೀನನ್ನು ಅಕ್ಕನ ಕೈಗಿಟ್ಟರು.

"ಸಾರು ಮಾಡು. ಹಸಿವಾಗ್ತಾ ಉಂಟು."

ಇಡೀ ಊರಿನ ಮುಂದೆ ಅಳುಕದೆ ನಿಂತ ನನ್ನ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.